ದೂರದ ಹಾರಾಟವೋ, ಹತ್ತಿರದ ಹಾರಾಟವೋ? ವಿಮಾನದ ಉದ್ಯೋಗ ಮತ್ತು ಆರೋಗ್ಯದ ಲೆಕ್ಕ

(ಸಂಘದ ವಾರ್ಷಿಕ ಶೈಕ್ಷಣಿಕ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪಿಯುಸಿ ಮುಗಿಸಿದ ಮಕ್ಕಳು ಮುಂದೇನು ಎಂದು ಕೇಳುವಾಗ ಹಿಂದೆಲ್ಲ ಎರಡೇ ಉತ್ತರಗಳಿದ್ದವು. ಒಂದು ವೈದ್ಯಕೀಯ, ಇನ್ನೊಂದು ಇಂಜಿನಿಯರಿಂಗ್. ಈಗ ಪೈಲಟ್ ಆಗಬೇಕೆನ್ನುವ ಹುಡುಗರಿದ್ದಾರೆ, ಹುಡುಗಿಯರೂ ಇದ್ದಾರೆ. ಗಲ್ಫ್‌ನ ವಿಮಾನ ಸಂಸ್ಥೆಗಳಲ್ಲಿ ಕ್ಯಾಬಿನ್ ಸಿಬ್ಬಂದಿಯಾಗಲು ಬಯಸುವವರೂ ಇದ್ದಾರೆ. ಇದು ಸಂತೋಷದ ವಿಷಯ. ಇವರೆಲ್ಲ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚಾಗಿ ಒಂದೇ ಬಗೆಯವು. ತರಬೇತಿಗೆ ಖರ್ಚೆಷ್ಟು? ಸಂಬಳವೆಷ್ಟು? ಲಂಡನ್, ನ್ಯೂಯಾರ್ಕ್ ಕಡೆಗೆ ಹೋಗುವ ದೊಡ್ಡ ವಿಮಾನದ ಕೆಲಸ ಒಳ್ಳೆಯದೋ, ಊರೂರಿಗೆ ಹೋಗುವ ಸಣ್ಣ ವಿಮಾನದ ಕೆಲಸ ಒಳ್ಳೆಯದೋ? ಈ ಕೆಲಸಕ್ಕೆ ನನ್ನ ದೇಹ ಏನು ಬೆಲೆ ಕೊಡಬೇಕಾದೀತು ಎಂದು ಕೇಳಿದವರು ತೀರಾ ಕಡಿಮೆ. ನೀವು ಇಂದು ಒಬ್ಬ ವೈದ್ಯನನ್ನು ಮಾತಿಗೆ ಕರೆದಿದ್ದೀರಿ. ಹಾಗಾಗಿ ಯಾರೂ ಕೇಳದ ಆ ಪ್ರಶ್ನೆಗೇ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕೊರ್ದೊಬಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸರಿದ್ದರು. ಅವರು ಮೈಗೆ ಗರಿಗಳನ್ನು ಅಂಟಿಸಿಕೊಂಡು, ರೆಕ್ಕೆ ಕಟ್ಟಿಕೊಂಡು ಹಾರಲು ಯತ್ನಿಸಿದರೆಂದು ಹದಿನೇಳನೇ ಶತಮಾನದ ಇತಿಹಾಸಕಾರ ಅಲ್-ಮಕ್ಕರಿ ಬರೆದಿದ್ದಾರೆ. ಸ್ವಲ್ಪ ದೂರ ಹಾರಿದ್ದೂ ಹೌದಂತೆ. ಆದರೆ ಇಳಿಯುವಾಗ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ ಎಂಬುದನ್ನು ಅವರು ಗಮನಿಸಿರಲಿಲ್ಲವೆಂದು ಆ ಬರಹದಲ್ಲಿದೆ. ಚಂದ್ರನ ಮೇಲಿನ ಒಂದು ಕುಳಿಗೆ ಇಂದು ಅವರ ಹೆಸರಿದೆ. ಅವರ ಧೈರ್ಯವನ್ನು ನಾವು ಮೆಚ್ಚಬೇಕು, ಜೊತೆಗೆ ಅವರ ಅನುಭವದಿಂದ ಕಲಿಯಲೂ ಬೇಕು. ಮೇಲೇರುವ ಸಿದ್ಧತೆಯನ್ನು ಎಲ್ಲರೂ ಮಾಡುತ್ತಾರೆ. ಇಳಿಯುವ ಸಿದ್ಧತೆಯನ್ನೂ ಮೊದಲೇ ಮಾಡಿಕೊಳ್ಳುವವನು ಜಾಣ.

ಎರಡು ಬಗೆಯ ದುಡಿಮೆ

ಮೊದಲು ಶಬ್ದಗಳ ಅರ್ಥ ತಿಳಿದುಕೊಳ್ಳೋಣ. ಯುರೋಪಿನ ವಿಮಾನ ಸಂಚಾರ ಸಂಸ್ಥೆ ಯುರೋಕಂಟ್ರೋಲ್‌ನ ಲೆಕ್ಕದಲ್ಲಿ 1,500 ಕಿಲೋಮೀಟರ್ ಒಳಗಿನದು ಹತ್ತಿರದ ಹಾರಾಟ. 4,000 ಕಿಲೋಮೀಟರ್ ದಾಟಿದರೆ ದೂರದ ಹಾರಾಟ. ನಡುವಿನದು ಮಧ್ಯಮ. ಬೆಂಗಳೂರಿನಿಂದ ಮುಂಬೈ ಹತ್ತಿರದ ಹಾರಾಟ. ಮಂಗಳೂರಿನಿಂದ ದುಬೈ ಮಧ್ಯಮ. ದುಬೈಯಿಂದ ನ್ಯೂಯಾರ್ಕ್ ದೂರದ ಹಾರಾಟ. ಸಿಂಗಾಪುರ ಮತ್ತು ನ್ಯೂಯಾರ್ಕ್ ನಡುವಿನ ಹಾರಾಟ 15,000 ಕಿಲೋಮೀಟರಿಗೂ ಹೆಚ್ಚು. ವಿಮಾನ 18 ಗಂಟೆಗೂ ಮಿಕ್ಕಿ ಆಕಾಶದಲ್ಲಿರುತ್ತದೆ.

ಪೈಲಟ್ ಒಬ್ಬ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರಬಾರದೆಂಬ ಮಿತಿ ಭಾರತದಲ್ಲೂ ಅಮೆರಿಕದಲ್ಲೂ ಇದೆ. ಈ 1,000 ಗಂಟೆಗಳನ್ನು ಬೇರೆ ಬೇರೆ ರೀತಿ ಹಂಚಿ ನೋಡಿ. ಒಂದು ಹಾರಾಟಕ್ಕೆ 14 ಗಂಟೆಯಾದರೆ ವರ್ಷಕ್ಕೆ 71 ಹಾರಾಟ ಸಾಕು. ಒಂದು ಹಾರಾಟಕ್ಕೆ ಒಂದೂಕಾಲು ಗಂಟೆಯಾದರೆ 800 ಹಾರಾಟ ಬೇಕು. ಅಂದರೆ 800 ಸಲ ಮೇಲೇರುವುದು, 800 ಸಲ ಇಳಿಯುವುದು. ಗಂಟೆಗಳ ಲೆಕ್ಕ ಒಂದೇ ಆದರೂ ದುಡಿಮೆ ಒಂದೇ ಅಲ್ಲ. ಇದು ನೆನಪಿರಲಿ.

ದೇಹದೊಳಗಿನ ಗಡಿಯಾರ

ನಮ್ಮ ಮೆದುಳಿನಲ್ಲಿ, ಎರಡು ಕಣ್ಣುಗಳ ನರಗಳು ಕೂಡುವ ಜಾಗದ ಮೇಲ್ಗಡೆ, ಚಿಕ್ಕದೊಂದು ಜೀವಕೋಶಗಳ ಗುಂಪಿದೆ. ಅದು ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಸುತ್ತದೆ. ನಿದ್ರೆ, ಹಸಿವು, ಮೈಯ ಬಿಸಿ, ಹಾರ್ಮೋನುಗಳು ಎಲ್ಲವೂ ಅದರ ತಾಳಕ್ಕೆ ನಡೆಯುತ್ತವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂದು ಕಂಡುಹಿಡಿದ ಅಮೆರಿಕದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಹುಮಾನ ಸಂದಿತು.

ಈ ಗಡಿಯಾರಕ್ಕೆ ಒಂದು ಹಟವಿದೆ. ವಿಮಾನ ಎಷ್ಟು ವೇಗವಾಗಿ ಹೋದರೂ ಅದು ತನ್ನ ವೇಗದಲ್ಲೇ ಬದಲಾಗುತ್ತದೆ. ಗಡಿಯಾರದ ಮುಳ್ಳನ್ನು ಒಂದು ಗಂಟೆ ಸರಿಸಿದರೆ ದೇಹ ಹೊಂದಿಕೊಳ್ಳಲು ಸುಮಾರು ಒಂದು ದಿನ ಬೇಕು. ಭಾರತದಿಂದ ಅಮೆರಿಕಕ್ಕೆ ಹೋದವರು ಒಂದು ವಾರ ಕಾಲ ಹಗಲು ತೂಕಡಿಸಿ ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗುವುದು ಇದರಿಂದಲೇ. ಪಶ್ಚಿಮಕ್ಕೆ ಹೋಗುವುದು ಸ್ವಲ್ಪ ಸುಲಭ, ಪೂರ್ವಕ್ಕೆ ಬರುವುದು ಕಷ್ಟ. ನಮ್ಮೊಳಗಿನ ಗಡಿಯಾರ 24 ಗಂಟೆಗಿಂತ ತುಸು ನಿಧಾನವಾದ್ದರಿಂದ ದಿನವನ್ನು ಹಿಗ್ಗಿಸಿದರೆ ಸಹಿಸುತ್ತದೆ, ಕುಗ್ಗಿಸಿದರೆ ಸಹಿಸುವುದಿಲ್ಲ.

ಇನ್ನೊಂದು ಮಾತು. ರಾತ್ರಿ 2ರಿಂದ ಬೆಳಿಗ್ಗೆ 6ರವರೆಗಿನ ಹೊತ್ತಿನಲ್ಲಿ ಮನುಷ್ಯನ ಎಚ್ಚರ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ವಿಮಾನಯಾನದ ನಿಯಮಗಳಲ್ಲಿ ಈ ಹೊತ್ತಿಗೆ ಪ್ರತ್ಯೇಕ ಹೆಸರೇ ಇದೆ. ಹಗಲು ಮಲಗಿ ಬಂದವನಿಗೂ ಈ ಹೊತ್ತು ಭಾರವೇ.

ದೂರದ ಹಾರಾಟದ ಲಾಭ, ನಷ್ಟ

ದೂರದ ಹಾರಾಟಕ್ಕೆ ತನ್ನದೇ ಆದ ಅನುಕೂಲಗಳಿವೆ. ತಿಂಗಳಲ್ಲಿ ಕೆಲವೇ ಹಾರಾಟ. ಅದು ಮುಗಿದರೆ ಒಟ್ಟಿಗೆ ಹಲವು ದಿನ ಬಿಡುವು. ಅತಿ ದೂರದ ಹಾರಾಟದಲ್ಲಿ ಇಬ್ಬರ ಬದಲು ಮೂವರು ಅಥವಾ ನಾಲ್ವರು ಪೈಲಟ್‌ಗಳಿರುತ್ತಾರೆ. ಸರದಿಯ ಮೇಲೆ ಮಲಗಲು ವಿಮಾನದೊಳಗೇ ಹಾಸಿಗೆಗಳಿರುತ್ತವೆ. ಜಗತ್ತು ನೋಡುವ ಅವಕಾಶವಂತೂ ಇದ್ದೇ ಇದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಏರ್ ಇಂಡಿಯಾದ ವಿಮಾನವನ್ನು ನಮ್ಮ ಬೆಂಗಳೂರಿಗೆ ತಂದು ಇಳಿಸಿದರು. ಹೆಣ್ಣುಮಕ್ಕಳು ಇಂಥ ಕೆಲಸ ಮಾಡಬಲ್ಲರೇ ಎಂದು ಇನ್ನೂ ಕೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಇನ್ನು ಬೆಲೆಯ ಮಾತು. ಮೊದಲನೆಯದು, ಗಡಿಯಾರ ಪದೇ ಪದೇ ಕೆಡುವುದು. ಒಂದು ಊರಿನ ಸಮಯಕ್ಕೆ ದೇಹ ಹೊಂದಿಕೊಳ್ಳುವ ಮೊದಲೇ ಇನ್ನೊಂದು ಊರು. ನಿದ್ರೆ ಕೆಟ್ಟರೆ ಜೀರ್ಣಶಕ್ತಿ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ, ದೇಹದ ಗಡಿಯಾರವನ್ನು ಕೆಡಿಸುವ ಪಾಳಿ ಕೆಲಸವನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗುವವುಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ರಾತ್ರಿ ಪಾಳಿಯನ್ನು ಅದೇ ಪಟ್ಟಿಯಲ್ಲಿ ಉಳಿಸಿತು. ‘ಬಹುಶಃ’ ಎಂಬ ಮಾತನ್ನು ಮರೆಯಬೇಡಿ. ಇದು ಹೆದರಿ ಓಡುವ ವಿಷಯವಲ್ಲ, ತಿಳಿದಿರಬೇಕಾದ ವಿಷಯ.

ಎರಡನೆಯದು, ಆಕಾಶದಿಂದ ಬರುವ ವಿಕಿರಣ. ನೆಲದ ಮೇಲೆ ನಮ್ಮನ್ನು ವಾಯುಮಂಡಲ ಕಾಪಾಡುತ್ತದೆ. ಮೇಲೆ ಹೋದಂತೆ ಆ ಹೊದಿಕೆ ತೆಳುವಾಗುತ್ತದೆ. ಧ್ರುವದ ಕಡೆಗೆ ಹೋದಂತೆ ಭೂಮಿಯ ಕಾಂತಶಕ್ತಿಯ ರಕ್ಷಣೆಯೂ ಕಡಿಮೆಯಾಗುತ್ತದೆ. ವಿಮಾನ ಸಿಬ್ಬಂದಿಗೆ ಹೆಚ್ಚುವರಿಯಾಗಿ ವರ್ಷಕ್ಕೆ ಸಾಮಾನ್ಯವಾಗಿ 2ರಿಂದ 5 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.1 ಎಂದಿಟ್ಟುಕೊಳ್ಳಿ. ವಿಕಿರಣದ ಕೆಲಸ ಮಾಡುವವರಿಗೆ ಅಂತಾರಾಷ್ಟ್ರೀಯ ತಜ್ಞರು ಹೇಳಿರುವ ಮಿತಿ ವರ್ಷಕ್ಕೆ ಸರಾಸರಿ 20 ಆದ್ದರಿಂದ ಇದು ಮಿತಿಯೊಳಗೇ ಇದೆ. ಆದರೆ ಗರ್ಭದಲ್ಲಿರುವ ಶಿಶುವಿಗೆ ಹೇಳಿರುವ ಮಿತಿ ಕೇವಲ 1. ಆದ್ದರಿಂದ ಈ ಉದ್ಯೋಗದಲ್ಲಿರುವ ಹೆಣ್ಣುಮಕ್ಕಳು ಗರ್ಭಿಣಿಯೆಂದು ತಿಳಿದ ಕೂಡಲೇ ಸಂಸ್ಥೆಗೆ ತಿಳಿಸಬೇಕು. ಸಂಕೋಚದಿಂದಲೋ, ಸಂಬಳ ಕಡಿತವಾದೀತೆಂಬ ಭಯದಿಂದಲೋ ಮುಚ್ಚಿಡಬಾರದು.

ಅಮೆರಿಕದ 5,000ಕ್ಕೂ ಹೆಚ್ಚು ವಿಮಾನ ಪರಿಚಾರಕರನ್ನು ಕುರಿತು ಹಾರ್ವರ್ಡ್‌ನ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ಮತ್ತು ಚರ್ಮದ ಕ್ಯಾನ್ಸರ್ ಇವರಲ್ಲಿ ಸಾಮಾನ್ಯ ಜನರಿಗಿಂತ ಹೆಚ್ಚಾಗಿ ಕಂಡುಬಂತು. ಕಾರಣ ವಿಕಿರಣವೋ, ನಿದ್ರೆಗೇಡೋ, ಎರಡೂ ಸೇರಿಯೋ ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕೆಂಬ ಬುದ್ಧಿಮಾತಿಗೆ ಇಷ್ಟು ಆಧಾರ ಸಾಕು.

ಮೂರನೆಯದು, ಒಣ ಗಾಳಿ ಮತ್ತು ಕಡಿಮೆ ಆಮ್ಲಜನಕ. ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಂತೆ ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಅಂದರೆ ಅಂಥ ಬೆಟ್ಟದ ತುದಿಯಲ್ಲಿ ಹದಿನಾಲ್ಕು ಗಂಟೆ ಕುಳಿತಂತೆ. ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಕರಾವಳಿಯ ಸೆಕೆಯಲ್ಲಿ ಬೆಳೆದ ನಮಗೆ ತುಟಿ, ಮೂಗು, ಕಣ್ಣು ಒಣಗುವುದು ಬೇಗ ತಿಳಿಯುತ್ತದೆ.

ಹತ್ತಿರದ ಹಾರಾಟದ ಲಾಭ, ನಷ್ಟ

ಹತ್ತಿರದ ಹಾರಾಟದ ದೊಡ್ಡ ಲಾಭ ಮನೆ. ಅನೇಕ ದಿನಗಳಲ್ಲಿ ರಾತ್ರಿ ಮನೆಯಲ್ಲೇ ಮಲಗಬಹುದು, ಮನೆಯ ಊಟ ಮಾಡಬಹುದು. ಸಮಯದ ವ್ಯತ್ಯಾಸವಿಲ್ಲ. ವಿಕಿರಣವೂ ಧ್ರುವದ ಹಾದಿಗಿಂತ ಕಡಿಮೆ. ಪೈಲಟ್‌ಗೆ ದಿನಾ ಏರಿಸಿ ಇಳಿಸಿ ಕೈ ಪಳಗುತ್ತದೆ. ದೂರದ ಹಾರಾಟದಲ್ಲಿ ನಾಲ್ವರು ಪೈಲಟ್‌ಗಳ ನಡುವೆ ಇಳಿಸುವ ಅವಕಾಶ ಹಂಚಿಹೋಗುತ್ತದೆ. 90 ದಿನಗಳಲ್ಲಿ ಮೂರು ಸಲ ಏರಿಸಿ ಇಳಿಸಿರಲೇಬೇಕೆಂಬ ನಿಯಮ ಪಾಲಿಸಲು ಕೆಲವರು ಸಿಮ್ಯುಲೇಟರ್ ಹತ್ತಬೇಕಾಗುತ್ತದೆ.

ಆದರೆ ಹತ್ತಿರದ ಹಾರಾಟ ಹಗುರವೆಂದು ತಿಳಿಯಬೇಡಿ. ಬೆಳಿಗ್ಗೆ 6ಕ್ಕೆ ವಿಮಾನ ಹೊರಡಬೇಕಾದರೆ ಸಿಬ್ಬಂದಿ 5ರ ಮೊದಲೇ ನಿಲ್ದಾಣದಲ್ಲಿರಬೇಕು. ದೊಡ್ಡ ನಗರದಲ್ಲಿ ಮನೆಯಿಂದ ಅಲ್ಲಿಗೆ ಒಂದು ಗಂಟೆ. ಅಂದರೆ ಏಳುವುದು 3ಕ್ಕೆ. ಆ ದಿನ ಬೆಂಗಳೂರು, ಮುಂಬೈ, ದೆಹಲಿ, ಮತ್ತೆ ಬೆಂಗಳೂರು. ಪ್ರತಿ ಸಲ ಬಾಗಿಲು ಮುಚ್ಚುವುದು, ತೆರೆಯುವುದು, ನೂರೈವತ್ತು ಮಂದಿಯನ್ನು ಕೂರಿಸುವುದು, ಕಸ ತೆಗೆಸುವುದು, ಮತ್ತೆ ನೂರೈವತ್ತು ಮಂದಿ. ಊಟಕ್ಕೆ ಸಿಗುವುದು ಹತ್ತು ನಿಮಿಷ. ಮಲಗಲು ಹಾಸಿಗೆಯಿಲ್ಲ. ಪೈಲಟ್‌ಗಳು ಇಬ್ಬರೇ. ದಿನಕ್ಕೆ ಮೂರು ನಾಲ್ಕು ಸಲ ಕಿವಿಯ ಮೇಲೆ ಗಾಳಿಯ ಒತ್ತಡ ಏರಿ ಇಳಿಯುತ್ತದೆ. ನೆಗಡಿಯಿದ್ದಾಗ ಹಾರಿದರೆ ಕಿವಿಯ ತಮಟೆಗೇ ಪೆಟ್ಟಾಗಬಹುದು. ಈ ವಾರ ಮುಂಜಾನೆಯ ಪಾಳಿ, ಮುಂದಿನ ವಾರ ನಡುರಾತ್ರಿಯ ಪಾಳಿ ಎಂದಾದರೆ ಸ್ವಂತ ಊರಿನಲ್ಲಿದ್ದೇ ಗಡಿಯಾರ ಕೆಡುತ್ತದೆ. ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ, ದೇಹಕ್ಕೆ ಬೀಳುತ್ತದೆ.

2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ನಗರದ ಬಳಿ ಕಾಲ್ಗನ್ ಏರ್ ಸಂಸ್ಥೆಯ ಸಣ್ಣ ವಿಮಾನವೊಂದು ಬಿದ್ದು 50 ಮಂದಿ ಸತ್ತರು. ಒಂದು ಗಂಟೆಯ ಪ್ರಯಾಣ ಅದು. ಸಹ ಪೈಲಟ್ ಹಿಂದಿನ ರಾತ್ರಿಯಿಡೀ ದೇಶದ ಇನ್ನೊಂದು ತುದಿಯಿಂದ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಪೈಲಟ್‌ಗಳ ಕೆಲಸದ ಮೇಲೆ ಆಯಾಸದ ಪರಿಣಾಮ ಇದ್ದಿರಬಹುದೆಂದು ತನಿಖೆ ಹೇಳಿತು. ಆ ದುರಂತದ ನಂತರವೇ ಅಮೆರಿಕದಲ್ಲಿ ಪೈಲಟ್‌ಗಳ ವಿಶ್ರಾಂತಿಯ ನಿಯಮಗಳು ಬದಲಾಗಿ 2014ರಿಂದ ಜಾರಿಗೆ ಬಂದವು.

ಮಂಗಳೂರಿನ ಪಾಠ

ಬಂಧುಗಳೇ, ಅಮೆರಿಕದವರೆಗೆ ಹೋಗಬೇಕಾಗಿಲ್ಲ. 2010ರ ಮೇ 22ರ ಮುಂಜಾನೆಯನ್ನು ನಮ್ಮ ಜಿಲ್ಲೆಯ ಯಾವ ಮನೆಯೂ ಮರೆತಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ 6 ಗಂಟೆ ಕಳೆದ ಸ್ವಲ್ಪದರಲ್ಲೇ ಬಜ್ಪೆಯ ಗುಡ್ಡದಿಂದ ಕಂದಕಕ್ಕೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಹೋದರು, 8 ಮಂದಿ ಉಳಿದರು. ಮಕ್ಕಳ ಮದುವೆಗೆಂದು ಬರುತ್ತಿದ್ದ ತಂದೆಯರು, ರಜೆಯಲ್ಲಿ ಬರುತ್ತಿದ್ದ ಕುಟುಂಬಗಳು. ಈ ಸಭೆಯಲ್ಲಿ ಅಂದು ತಮ್ಮವರನ್ನು ಕಳೆದುಕೊಂಡವರು ಇರಬಹುದು. ಅವರ ಮುಂದೆ ಈ ವಿಷಯವನ್ನು ಎತ್ತುವುದು ಸುಲಭವಲ್ಲ. ಆದರೂ ಹೇಳಬೇಕು. ಆ ಸಾವುಗಳಿಂದ ನಾವು ಏನೂ ಕಲಿಯದಿದ್ದರೆ ಅದು ಇನ್ನೂ ದೊಡ್ಡ ನಷ್ಟ.

ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ವರದಿ ಕೊಟ್ಟಿತು. ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ಹೊರಟು, ದುಬೈ ತಲುಪಿ, ಅದೇ ರಾತ್ರಿ ಮರಳುತ್ತಿದ್ದರು. ವಿಮಾನದ ಧ್ವನಿಮುದ್ರಣದಲ್ಲಿ ದಾಖಲಾಗಿದ್ದ ಸುಮಾರು ಎರಡು ಗಂಟೆಗಳಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕಾಲ ಇಬ್ಬರು ಪೈಲಟ್‌ಗಳ ನಡುವೆ ಮಾತಿರಲಿಲ್ಲ. ಕ್ಯಾಪ್ಟನ್ ನಿದ್ರೆಯಲ್ಲಿದ್ದರು. ಎಚ್ಚರವಾದ ಮೇಲೆ ಇಳಿಸುವ ಹೊತ್ತಿಗೆ ಹೆಚ್ಚು ಸಮಯ ಉಳಿದಿರಲಿಲ್ಲ. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸಿತು. ಆದರೂ ಇಳಿಸುವ ಪ್ರಯತ್ನ ನಿಲ್ಲಲಿಲ್ಲ.

ನಿದ್ರೆಯಿಂದ ಎದ್ದ ಕೂಡಲೇ ಮೆದುಳು ಪೂರ್ತಿ ಎಚ್ಚರವಾಗುವುದಿಲ್ಲ. ಸ್ವಲ್ಪ ಹೊತ್ತು ಮಂಪರು ಇರುತ್ತದೆ. ಬಾಗಿಲು ಬಡಿದ ಸದ್ದಿಗೆ ಎದ್ದು ಗಲಿಬಿಲಿಗೊಂಡ ಅನುಭವ ನಿಮಗೂ ಇದೆ. ಇದೇ ಮಂಪರು, ಅದರ ಮೇಲೆ ರಾತ್ರಿ 2ರಿಂದ 6ರ ಆ ಹೊತ್ತು, ಎರಡೂ ಸೇರಿ ಕ್ಯಾಪ್ಟನ್ ಅವರ ನಿರ್ಧಾರಶಕ್ತಿಯನ್ನು ಕುಗ್ಗಿಸಿರಬಹುದೆಂದು ವರದಿ ಹೇಳಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹಾರಾಟಕ್ಕೆ ಮೊದಲು ಅವರಿಗೆ ಸಾಕಷ್ಟು ವಿಶ್ರಾಂತಿಯ ಸಮಯ ಸಿಕ್ಕಿತ್ತೆಂದೂ ಅದೇ ವರದಿಯಲ್ಲಿದೆ. ಕಾಗದದ ಮೇಲೆ ವಿಶ್ರಾಂತಿ ಸಾಕಾಗಿತ್ತು, ರಾತ್ರಿಗೆ ಅದು ಸಾಕಾಗಲಿಲ್ಲ.

ಮೃತರನ್ನು ದೂಷಿಸಲು ನಾನು ಇದನ್ನು ಹೇಳುತ್ತಿಲ್ಲ. ಅವರೂ ಅದೇ ಬೆಂಕಿಯಲ್ಲಿ ಹೋದವರು. ಅವರ ಜಾಗದಲ್ಲಿ ನಾವಿದ್ದರೂ ನಿದ್ರೆ ನಮ್ಮನ್ನು ಬಿಡುತ್ತಿರಲಿಲ್ಲ. ಮಂಗಳೂರು-ದುಬೈ ದೂರದ ಹಾರಾಟವಲ್ಲ. ಸಮಯದ ವ್ಯತ್ಯಾಸ ಕೇವಲ ಒಂದೂವರೆ ಗಂಟೆ. ಹಾಗಿದ್ದರೂ ಹೀಗಾಯಿತು. ಆದ್ದರಿಂದ ದೂರವೋ ಹತ್ತಿರವೋ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಕಿಲೋಮೀಟರ್ ಎಣಿಸಬೇಡಿ, ರಾತ್ರಿಗಳನ್ನು ಎಣಿಸಿ. ತಿಂಗಳಲ್ಲಿ ಎಷ್ಟು ರಾತ್ರಿ ನಿದ್ರೆ ತಪ್ಪುತ್ತದೆ, ತಪ್ಪಿದ ನಿದ್ರೆಯನ್ನು ತುಂಬಿಕೊಳ್ಳಲು ಎಷ್ಟು ದಿನ ಸಿಗುತ್ತದೆ ಎಂಬುದೇ ನಿಜವಾದ ಲೆಕ್ಕ.

ನಮ್ಮ ದೇಶದ ವಿಮಾನಯಾನ ನಿರ್ದೇಶನಾಲಯವೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತು. 2024ರ ಜನವರಿಯಲ್ಲಿ ಪ್ರಕಟವಾದ ಹೊಸ ನಿಯಮಗಳು ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದವು. ರಾತ್ರಿಯ ವೇಳೆ ಇಳಿಸಬಹುದಾದ ಸಂಖ್ಯೆಯನ್ನು ಆರರಿಂದ ಎರಡಕ್ಕೆ ಇಳಿಸಿದವು. 2025ರ ಜುಲೈ ಮತ್ತು ನವೆಂಬರಿನಲ್ಲಿ ಇವು ಹಂತ ಹಂತವಾಗಿ ಜಾರಿಗೆ ಬಂದವು. ಆದರೆ ಇದಕ್ಕೆ ಬೇಕಾದಷ್ಟು ಪೈಲಟ್‌ಗಳ ಸಿದ್ಧತೆ ಇರಲಿಲ್ಲ. 2025ರ ಡಿಸೆಂಬರಿನಲ್ಲಿ ಸಾವಿರಾರು ಹಾರಾಟಗಳು ರದ್ದಾಗಿ ಜನ ನಿಲ್ದಾಣಗಳಲ್ಲಿ ಮಲಗಬೇಕಾಯಿತು, ಕೆಲವು ನಿಯಮಗಳಿಂದ ತಾತ್ಕಾಲಿಕ ವಿನಾಯಿತಿಯನ್ನೂ ಕೊಡಬೇಕಾಯಿತು. ಅಂದು ಸಿಟ್ಟಾದ ಪ್ರಯಾಣಿಕರಲ್ಲಿ ನಮ್ಮವರೂ ಇದ್ದರು. ಸಿಟ್ಟು ಸಹಜ. ಆದರೆ ಪೈಲಟ್ ಮಲಗಲಿ ಎಂದು ಮಾಡಿದ ನಿಯಮದ ವಿರುದ್ಧ ಸಿಟ್ಟಾಗುವ ಮೊದಲು ಮಂಗಳೂರಿನವರಾದ ನಾವು ಎರಡು ಸಲ ಯೋಚಿಸಬೇಕು.

ನಿದ್ರೆಗೇಡು ಮತ್ತು ಅಮಲು

1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. 17 ಗಂಟೆ ನಿರಂತರ ಎಚ್ಚರವಿದ್ದವರ ಕೈಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಿದ್ದವರದು ಸುಮಾರು 0.10ರ ಮಟ್ಟಕ್ಕೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರ ರಕ್ತದಲ್ಲಿ ಇರಬಹುದಾದ ಮಿತಿ 0.03 ಮಾತ್ರ.

ನಾವು ಮದ್ಯವನ್ನು ಮುಟ್ಟದ ಸಮುದಾಯ. ಬುದ್ಧಿಯನ್ನು ಮಂಕುಗೊಳಿಸುತ್ತದೆ ಎಂಬುದು ಅದರ ನಿಷೇಧಕ್ಕೆ ಒಂದು ಮುಖ್ಯ ಕಾರಣ. ಹಾಗಾದರೆ ಅದೇ ಮಂಕನ್ನು ತರುವ ನಿದ್ರೆಗೇಡಿನ ಬಗ್ಗೆ ನಾವು ಇಷ್ಟು ಉದಾಸೀನರೇಕೆ? ಗಲ್ಫ್‌ನಿಂದ ಬರುವ ಮಗನನ್ನು ಕರೆತರಲು ಕಾಸರಗೋಡಿನಿಂದಲೋ, ಪುತ್ತೂರಿನಿಂದಲೋ, ಭಟ್ಕಳದಿಂದಲೋ ನಡುರಾತ್ರಿ ಕಾರು ಹೊರಡುತ್ತದೆ. ಹಗಲಿಡೀ ಅಂಗಡಿಯಲ್ಲಿ ದುಡಿದ ಅಣ್ಣನೇ ಚಾಲಕ. ಮುಂಜಾನೆ ಮರಳುವಾಗ ಮನೆಯವರೆಲ್ಲ ಕಾರಿನಲ್ಲಿರುತ್ತಾರೆ. ವಿಮಾನದಲ್ಲಾದರೆ ಇಬ್ಬರು ಪೈಲಟ್‌ಗಳಿರುತ್ತಾರೆ, ಎಚ್ಚರಿಸುವ ಯಂತ್ರವಿರುತ್ತದೆ. ಕಾರಿನಲ್ಲಿ ಅದೂ ಇಲ್ಲ. ಅರ್ಧ ಗಂಟೆ ನಿಲ್ದಾಣದಲ್ಲೇ ಮಲಗಿ ಹೊರಟರೆ ಯಾವ ಮರ್ಯಾದೆಯೂ ಹೋಗುವುದಿಲ್ಲ.

ಚಿಕ್ಕ ನಿದ್ರೆಯ ಬಲವನ್ನು ಅಮೆರಿಕದ ನಾಸಾ ಸಂಸ್ಥೆ ಪೆಸಿಫಿಕ್ ಸಾಗರ ದಾಟುವ ಪೈಲಟ್‌ಗಳ ಮೇಲೆ ಪರೀಕ್ಷಿಸಿ 1994ರಲ್ಲಿ ವರದಿ ಮಾಡಿತು. ಸರದಿಯ ಮೇಲೆ 40 ನಿಮಿಷ ಬಿಡುವು ಕೊಟ್ಟಾಗ ಅವರು ಸರಾಸರಿ 26 ನಿಮಿಷ ಮಲಗಿದರು. ಅಷ್ಟರಿಂದಲೇ ಇಳಿಸುವ ಹೊತ್ತಿನ ಎಚ್ಚರ ಗಮನಾರ್ಹವಾಗಿ ಹೆಚ್ಚಿತು. ಮಧ್ಯಾಹ್ನದ ಖೈಲೂಲದ ಸುನ್ನತ್ತನ್ನು ಬಲ್ಲ ನಮಗೆ ಇದು ಹೊಸತೇನಲ್ಲ. ಮಂಗಳೂರಿನ ದುರಂತಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಒಂದು ಯೋಜನೆ ಮಾಡಿ ಮಲಗಿದ ಚಿಕ್ಕ ನಿದ್ರೆ, ಎದ್ದ ಮೇಲೆ ಸುಧಾರಿಸಿಕೊಳ್ಳಲು ಸಮಯವಿದ್ದದ್ದು. ಇನ್ನೊಂದು ದೀರ್ಘವಾಗಿ ಹತ್ತಿದ ನಿದ್ರೆ, ಎದ್ದ ಮೇಲೆ ಸಮಯವಿಲ್ಲದ್ದು.

ನಮಾಝ್, ಉಪವಾಸ ಮತ್ತು ಕುಟುಂಬ

ನಮ್ಮ ಮಕ್ಕಳು ಈ ಉದ್ಯೋಗಕ್ಕೆ ಹೋಗುವಾಗ ಹೆತ್ತವರು ಕೇಳುವ ಪ್ರಶ್ನೆ ನಮಾಝ್ ಮತ್ತು ಉಪವಾಸದ್ದು. ಬೆಳಿಗ್ಗೆ ದುಬೈಯಿಂದ ನ್ಯೂಯಾರ್ಕ್‌ಗೆ ಹೊರಟರೆ ವಿಮಾನ ಸೂರ್ಯನ ಹಿಂದೆಯೇ ಹೋಗುತ್ತದೆ. ಅಂದು ಉಪವಾಸ ಹಿಡಿದವರಿಗೆ ಸಹರಿಯಿಂದ ಇಫ್ತಾರಿನವರೆಗೆ 20 ಗಂಟೆ ದಾಟುತ್ತದೆ. ವಿಮಾನದ ಕಿಟಕಿಯಿಂದ ಸೂರ್ಯ ಕಾಣುತ್ತಿರುವವರೆಗೆ ಇಫ್ತಾರ್ ಇಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ಒಣ ಗಾಳಿಯಲ್ಲಿ, ನಿದ್ರೆಗೆಟ್ಟು, ನೀರಿಲ್ಲದೆ ನೂರಾರು ಜನರ ಜೀವ ಹೊತ್ತು ಹಾರುವುದು ಧರ್ಮ ಕೇಳಿದ ಕಷ್ಟವಲ್ಲ. ಪ್ರಯಾಣಿಕನಿಗೆ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ, ನಮಾಝನ್ನು ಕಸ್ರ್ ಮಾಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ನಿದ್ರೆಯೂ ಅವನ ಅನುಗ್ರಹಗಳಲ್ಲಿ ಒಂದೆಂದು ಕುರ್‌ಆನ್ ನೆನಪಿಸುತ್ತದೆ. ರಾತ್ರಿಯಿಡೀ ಆರಾಧನೆಯಲ್ಲಿ ಕಳೆಯಹೊರಟ ಸಹಾಬಿಗಳಿಗೂ ದೇಹಕ್ಕೆ ಅದರ ಹಕ್ಕು ಕೊಡುವಂತೆ ಪ್ರವಾದಿ(ಸ)ಯವರು ಕಲಿಸಿದರು. ಆರಾಧನೆಗೇ ಹೀಗಾದರೆ ಸಂಬಳಕ್ಕಾಗಿ ದೇಹದ ಹಕ್ಕನ್ನು ಕಸಿಯಬಹುದೇ? ಕ್ಯಾಬಿನ್ ಸಿಬ್ಬಂದಿಗೆ ಮದ್ಯ ಬಡಿಸಬೇಕಾಗುವ ಪ್ರಶ್ನೆಯೂ ಇದೆ. ಅದನ್ನು ಕೆಲಸಕ್ಕೆ ಸೇರಿದ ಮೇಲಲ್ಲ, ಅರ್ಜಿ ಹಾಕುವ ಮೊದಲೇ ನಿಮ್ಮ ಉಲಮಾಗಳಲ್ಲಿ ಕೇಳಿಕೊಳ್ಳಿ. ಸೌದಿಯಾದಂತೆ ಮದ್ಯ ಬಡಿಸದ ಸಂಸ್ಥೆಗಳೂ ಇವೆ.

ಕುಟುಂಬಕ್ಕೂ ಒಂದು ಮಾತು. ಮಗನೋ ಸೊಸೆಯೋ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ಸೋಮಾರಿಯೆನ್ನಬೇಡಿ. ಹೊತ್ತೇರಿದ ಮೇಲೂ ಮಲಗಿದ್ದಾಳೆ ಎಂದು ನೆಂಟರ ಮುಂದೆ ಆಡಬೇಡಿ. ಕೋಣೆಯನ್ನು ಕತ್ತಲು ಮಾಡಿ, ಮೊಬೈಲ್ ದೂರವಿಟ್ಟು ಮಲಗಲು ಬಿಡಿ. ಅದು ಅವರ ಕೆಲಸದ ಭಾಗ.

ಆಯ್ಕೆಗೆ ಮುನ್ನ

ವಿದ್ಯಾರ್ಥಿಗಳೇ, ಹೊರಡುವ ಮುನ್ನ ಕೆಲವು ಸಲಹೆಗಳು.

ಒಂದು, ನಿಮ್ಮ ದೇಹವನ್ನು ಮೊದಲು ಅರಿತುಕೊಳ್ಳಿ. ಜಾಗ ಬದಲಾದರೆ ನಿದ್ರೆ ಬರದವರು ದೂರದ ಹಾರಾಟದಲ್ಲಿ ಬಳಲುತ್ತಾರೆ. ಮುಂಜಾನೆ ಏಳಲಾಗದವರು ಹತ್ತಿರದ ಹಾರಾಟದಲ್ಲಿ ಬಳಲುತ್ತಾರೆ. ಪೈಲಟ್ ತರಬೇತಿಗೆ ಜಮೀನು ಅಡವಿಡುವ ಮೊದಲೇ ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿ. ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೇ ಇದೆ. ಹಣ ಕಟ್ಟಿದ ಮೇಲೆ ಅನರ್ಹರೆಂದು ತಿಳಿದು ಸಾಲದಲ್ಲಿ ಮುಳುಗುವ ಗತಿ ಬೇಡ.

ಎರಡು, ಸಂದರ್ಶನದಲ್ಲಿ ಸಂಬಳದ ಜೊತೆಗೆ ರೋಸ್ಟರನ್ನೂ ಕೇಳಿ. ತಿಂಗಳಿಗೆ ಎಷ್ಟು ರಾತ್ರಿ, ಅದರ ನಂತರ ಎಷ್ಟು ಬಿಡುವು ಎಂದು ಕೇಳಲು ನಾಚಬೇಡಿ.

ಮೂರು, ಆರೋಗ್ಯವೇ ನಿಮ್ಮ ಲೈಸನ್ಸ್ ಎಂದು ತಿಳಿಯಿರಿ. ಪೈಲಟ್‌ಗೆ ವೈದ್ಯಕೀಯ ಪರೀಕ್ಷೆ ಮತ್ತೆ ಮತ್ತೆ ಇರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ನಮ್ಮ ಕರಾವಳಿಯ ಮನೆಗಳಲ್ಲಿ ಸಾಮಾನ್ಯ. ಬಿರಿಯಾನಿ ಮತ್ತು ನಿದ್ರೆಗೇಡು ಒಟ್ಟಿಗೆ ಸೇರಿದರೆ ನಲವತ್ತಕ್ಕೇ ಕುರ್ಚಿ ಬಿಡಬೇಕಾದೀತು. ನಡಿಗೆ, ಮಿತವಾದ ಊಟ, ಸಾಕಷ್ಟು ನೀರು, ಇವು ಈ ಉದ್ಯೋಗದಲ್ಲಿ ಹವ್ಯಾಸಗಳಲ್ಲ, ಬಂಡವಾಳ.

ನಾಲ್ಕು, ಪ್ರಯಾಣಿಕರಾಗಿ ಹೋಗುವವರಿಗೂ ಎಚ್ಚರ ಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಸುಮಾರು 6,000ದಲ್ಲಿ ಒಬ್ಬರಿಗೆ ಇದು ಆಗಬಹುದು. ಉಮ್ರಾ, ಹಜ್‌ಗೆ ಹೋಗುವ ವಯಸ್ಸಾದವರು ಗಂಟೆಗೊಮ್ಮೆ ಎದ್ದು ನಡೆಯಬೇಕು, ಪಾದ ಆಡಿಸುತ್ತಿರಬೇಕು.

ಐದು, ಇದೇ ಕೊನೆಯದು ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು. ‘ನನಗೆ ಆಯಾಸವಾಗಿದೆ, ಇಂದು ನಾನು ಹಾರಲಾರೆ’ ಎಂದು ಹೇಳುವ ಧೈರ್ಯ ಕಲಿಯಿರಿ. ಹಿರಿಯರು ತಪ್ಪು ಮಾಡುವಾಗ ‘ಸರ್, ಇದು ಬೇಡ’ ಎಂದು ಹೇಳುವ ಧೈರ್ಯವನ್ನೂ ಕಲಿಯಿರಿ. ಆ ಮುಂಜಾನೆ ಸಹ ಪೈಲಟ್ ಮೂರು ಸಲ ಹೇಳಿದ್ದರು. ಹೇಳುವವರಿದ್ದರು, ಕೇಳುವ ಸ್ಥಿತಿಯಲ್ಲಿ ಎದುರಿನವರಿರಲಿಲ್ಲ. ಹಿರಿಯರ ಮಾತು ಕೇಳಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ, ಅದು ಸರಿ. ಕಿರಿಯರ ಎಚ್ಚರಿಕೆಯನ್ನು ಕೇಳಬೇಕೆಂದು ಹಿರಿಯರಾದ ನಾವೂ ಕಲಿಯಬೇಕು. ಇದು ಕಾಕ್‌ಪಿಟ್‌ಗೆ ಮಾತ್ರವಲ್ಲ, ನಮ್ಮ ಮನೆಗೆ, ಮದ್ರಸಕ್ಕೆ, ಈ ಸಂಘದ ಸಭೆಗೂ ಅನ್ವಯಿಸುತ್ತದೆ.

ದೂರ ಹಾರಿ, ಹತ್ತಿರ ಹಾರಿ, ನಮ್ಮ ಹಾರೈಕೆ ನಿಮ್ಮೊಂದಿಗಿದೆ. ಈ ಸಮುದಾಯದ ಹುಡುಗ ಹುಡುಗಿಯರು ಪೈಲಟ್‌ಗಳಾಗಿ ನಮ್ಮನ್ನು ಊರಿಗೆ ಕರೆತರುವ ದಿನಗಳು ಇನ್ನಷ್ಟು ಬರಲಿ. ಅಂದು ನೀವು ಚೆನ್ನಾಗಿ ಮಲಗಿ ಎದ್ದು ಬಂದಿರಿ ಎಂಬುದಷ್ಟೇ ನನ್ನ ಕೋರಿಕೆ. 2010ರ ಆ ಮುಂಜಾನೆ ನಮ್ಮನ್ನಗಲಿದ ಎಲ್ಲರಿಗಾಗಿ ದುಆ ಮಾಡುತ್ತಾ ನನ್ನ ಮಾತು ಮುಗಿಸುತ್ತೇನೆ.

ಅಸ್ಸಲಾಮು ಅಲೈಕುಂ ವ ರಹ್ಮತುಲ್ಲಾಹ್.